ತೂಕ ಸರಿ, ಸುತ್ತಳತೆ?

ತೂಕ ಸರಿಯಾಗಿಯೇ ಇದ್ದರೂ ವೈದ್ಯರು ಹೊಟ್ಟೆಯ ಸುತ್ತಳತೆ ನೋಡುವುದೇಕೆ?

ತೂಕದ ಯಂತ್ರ ಒಟ್ಟು ಭಾರ ಹೇಳುತ್ತದೆಯೇ ಹೊರತು ಕೊಬ್ಬು ಎಷ್ಟಿದೆ, ಎಲ್ಲಿ ಕೂತಿದೆ ಎಂದು ಹೇಳುವುದಿಲ್ಲ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪುಣೆಯ ಡಾ. ಯಾಜ್ಞಿಕ್, ಲಂಡನ್ನಿನ ಡಾ. ಯುಡ್ಕಿನ್ ಅವರ ಚಿತ್ರ ಪ್ರಕಟಿಸಿತು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 22.3, ಮೈಕೊಬ್ಬು ಮಾತ್ರ ಯಾಜ್ಞಿಕರಲ್ಲಿ ಶೇ 21.2, ಯುಡ್ಕಿನ್‌ರಲ್ಲಿ ಶೇ 9.1! ತೊಡೆಯ ಚರ್ಮದಡಿಯ ಕೊಬ್ಬು ಉಗ್ರಾಣದಲ್ಲಿಟ್ಟ ಅಕ್ಕಿಮೂಟೆಯಂತೆ, ತೊಂದರೆ ಕಡಿಮೆ. ಕರುಳಿನ ಸುತ್ತಲಿನದು ಒಲೆಯ ಮುಂದೆಯೇ ಪೇರಿಸಿದ ಮೂಟೆ. ಅಲ್ಲಿಂದ ಹೊರಟ ಕೊಬ್ಬಿನಾಮ್ಲ ನೇರ ಯಕೃತ್ತಿಗೆ ಹರಿಯುತ್ತದೆ, ಇನ್ಸುಲಿನ್ನಿನ ಪ್ರಭಾವ ಅಲ್ಲಿ ಕುಗ್ಗುತ್ತದೆ. ರಕ್ತದಲ್ಲಿ ಸಕ್ಕರೆ, ಟ್ರೈಗ್ಲಿಸರೈಡ್ ಏರುತ್ತವೆ. ಟೇಪು ಚರ್ಮದಡಿಯ ಕೊಬ್ಬನ್ನೂ ಸೇರಿಸಿಯೇ ಅಳೆಯುತ್ತದಲ್ಲ ಎಂಬ ಆಕ್ಷೇಪ ನಿಜ. ಆದರೂ ಅಪಾಯದ ಸುಳಿವಿಗೆ ಅಷ್ಟು ಸಾಕು. ಖಚಿತಪಡಿಸಲು ರಕ್ತಪರೀಕ್ಷೆ ಇದೆ. ಕೊನೆಯ ಪಕ್ಕೆಲುಬು, ಸೊಂಟದ ಮೂಳೆಗಳ ನಡುಮಧ್ಯೆ, ಉಸಿರು ಬಿಟ್ಟಾಗ ಅಳೆಯಬೇಕು. ಭಾರತೀಯ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ದಾಟಿದ್ದರೆ ಪರೀಕ್ಷೆ ಮುಂದೂಡಬೇಡಿ.