ಕಡಲಿಗೆ ಬೆನ್ನು ಮಾಡಿ, ಹೊಳೆಯ ಕಡೆ ನಡೆಯಿರಿ



ನಿಜಾಮುದ್ದೀನ್ ನಿಲ್ದಾಣದಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋಗುವವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಗೋವಾ ದಾಟಿ ಕಾರವಾರ ಬಂತೆಂದರೆ ಬೋಗಿಯ ತುಂಬ ಕನ್ನಡ, ಕೊಂಕಣಿ, ತುಳು. ಅಲ್ಲಿಂದ ಉಡುಪಿಯವರೆಗೆ ನಾವು ಮಾಡುವುದೇನು? ಸಾಮಾನು ಎಣಿಸುತ್ತೇವೆ, ಕರೆದುಕೊಂಡು ಹೋಗಲು ಬರುವವರಿಗೆ ಫೋನ್ ಮಾಡುತ್ತೇವೆ. ಅಷ್ಟರಲ್ಲಿ ರೈಲು ಹೊನ್ನಾವರದ ಹತ್ತಿರ ಶರಾವತಿಯನ್ನು ದಾಟಿಬಿಟ್ಟಿರುತ್ತದೆ. ಎರಡು ಕಿಲೋಮೀಟರಿಗೂ ಉದ್ದದ ಈ ಸೇತುವೆ ಕೊಂಕಣ ರೈಲು ಮಾರ್ಗದಲ್ಲೇ ಅತಿ ಉದ್ದದ್ದು. ಮುಂದಿನ ಸಲ ಸಾಮಾನು ಎಣಿಸುವ ಕೆಲಸ ಬೇಗ ಮುಗಿಸಿ ಕಿಟಕಿಯ ಬಳಿ ಕುಳಿತುಕೊಳ್ಳಿ. ಒಂದು ಕಡೆ ಕಡಲು, ಇನ್ನೊಂದು ಕಡೆ ತೆಂಗಿನ ತೋಟಗಳ ನಡುವೆ ಬೆಟ್ಟದತ್ತ ಹೊರಟ ಹೊಳೆ. ಎಲ್ಲರ ಕಣ್ಣೂ ಕಡಲಿನ ಕಡೆ ಹೋಗುತ್ತದೆ. ಈ ಸಲದ ಲೇಖನ ಇನ್ನೊಂದು ಕಡೆಯದು.

ಗೋಕರ್ಣದ ಓಂ ಬೀಚ್ ಮತ್ತು ಮುರುಡೇಶ್ವರದ ಶಿವನ ಮೂರ್ತಿ ಯಾರಿಗೆ ಗೊತ್ತಿಲ್ಲ? ಜನಸಂದಣಿಯೂ ಅಲ್ಲೇ. ಇವೆರಡರ ನಡುವೆ ಕುಮಟಾ ಮತ್ತು ಹೊನ್ನಾವರ ಎಂಬ ಎರಡು ತಾಲ್ಲೂಕುಗಳಿವೆ. ಒಂದರಲ್ಲಿ ಅಘನಾಶಿನಿ, ಇನ್ನೊಂದರಲ್ಲಿ ಶರಾವತಿ ಕಡಲು ಸೇರುತ್ತವೆ. ಎರಡು ಊರುಗಳ ನಡುವೆ ಸುಮಾರು 20 ಕಿಲೋಮೀಟರ್ ದೂರ, ಅಷ್ಟೆ. ಇಂದು ಮಧ್ಯಾಹ್ನದ ಹೊತ್ತಿಗೆ ನಾಯಿ ಕೂಡ ಬೊಗಳದಷ್ಟು ಶಾಂತವಾದ ಈ ತೀರ ಒಂದು ಕಾಲಕ್ಕೆ ಯುರೋಪಿನ ವ್ಯಾಪಾರಿಗಳು ಕಿತ್ತಾಡಿದ ಜಾಗ. ಆದರೆ ಬೀಚಿನಲ್ಲಿ ನಿಂತು ನೋಡಿದರೆ ಆ ಇತಿಹಾಸದ ಗುರುತು ಹೆಚ್ಚೇನೂ ಸಿಗುವುದಿಲ್ಲ. ಏಕೆಂದರೆ ಅದರ ಬಹುಪಾಲು ಇರುವುದು ಕಡಲ ದಂಡೆಯಲ್ಲಲ್ಲ, ಹೊಳೆಯ ದಂಡೆಯಲ್ಲಿ.

ದೆಹಲಿಯವರೇ ಆದ ಒಬ್ಬರ ಸಾಕ್ಷಿ ಕೇಳೋಣ. ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಮುಹಮ್ಮದ್ ಬಿನ್ ತುಘಲಕನ ದೆಹಲಿಯಲ್ಲಿ ವರ್ಷಗಟ್ಟಲೆ ಖಾಜಿಯಾಗಿದ್ದವನು. ಇಂದು ಹೌಜ್ ಖಾಸ್ ಹತ್ತಿರ ಬಿಜಯ್ ಮಂಡಲ್ ಎಂದು ಕರೆಯುವ ಪಾಳು ಕಟ್ಟಡದ ಸುತ್ತಮುತ್ತ ಓಡಾಡಿಕೊಂಡಿದ್ದವನು ಎನ್ನಿ. 1340ರ ದಶಕದ ಆರಂಭದಲ್ಲಿ ಸುಲ್ತಾನ ಅವನನ್ನು ಚೀನಾಕ್ಕೆ ರಾಯಭಾರಿಯಾಗಿ ಕಳುಹಿಸಿದ. ಆ ದಾರಿಯಲ್ಲಿ ಅವನು ಹೊನ್ನಾವರಕ್ಕೆ ಬಂದ. ಅಲ್ಲಿ ಹುಡುಗರಿಗೆ 23 ಶಾಲೆಗಳು, ಹುಡುಗಿಯರಿಗೆ 13 ಶಾಲೆಗಳು ಇದ್ದವೆಂದು ಬರೆದಿಟ್ಟಿದ್ದಾನೆ. ಏಳುನೂರು ವರ್ಷದ ಹಿಂದೆ ಹೆಣ್ಣುಮಕ್ಕಳಿಗೆ 13 ಶಾಲೆ! ನಮ್ಮ ಇಂದಿನ ವಿಷಯಕ್ಕೆ ಬೇಕಾದ ಇನ್ನೊಂದು ಮಾತನ್ನೂ ಅವನು ಹೇಳಿದ್ದಾನೆ: ಊರು ಕಡಲಿನಿಂದ ತುಸು ಒಳಗಿದೆ, ದೊಡ್ಡ ಹಡಗುಗಳು ಒಳಗೆ ಬರುವಂಥ ಹಿನ್ನೀರಿನ ಮೇಲಿದೆ ಎಂದು.

ಒಳಗೇಕೆ? ಮಳೆಗಾಲದ ಅರಬ್ಬೀ ಸಮುದ್ರವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್ ತಿಂಗಳಿನಿಂದ ತೆರೆದ ದಂಡೆಯಲ್ಲಿ ಹಡಗು ನಿಲ್ಲುವಂತಿಲ್ಲ. ಹೊಳೆ ಕಡಲು ಸೇರುವ ಜಾಗವನ್ನು, ಅಂದರೆ ಅಳಿವೆಯನ್ನು ದಾಟಿ ಒಳಗೆ ಬಂದರೆ ಅಲೆ ಇಲ್ಲ, ಗಾಳಿ ಕಡಿಮೆ. ಅಳಿವೆಯ ಬಾಯಲ್ಲಿ ಮರಳಿನ ದಿಬ್ಬಗಳಿರುವುದರಿಂದ ದಾರಿ ಗೊತ್ತಿಲ್ಲದ ಶತ್ರು ಸುಲಭವಾಗಿ ನುಗ್ಗುವಂತೆಯೂ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯ ಕಾರಣ ಕಾಳುಮೆಣಸು. ಅದು ಬೆಳೆಯುತ್ತಿದ್ದುದು ಘಟ್ಟದ ಮೇಲೆ ಮತ್ತು ಘಟ್ಟದ ಬುಡದ ಕಾಡಿನಲ್ಲಿ. ಎತ್ತುಗಳ ಮೇಲೆ ಹೇರಿ ಇಳಿಸಿದ ಮೆಣಸನ್ನು ದೋಣಿಗೆ ತುಂಬಬೇಕಾದರೆ ಹೊಳೆಯಲ್ಲಿ ಉಬ್ಬರದ ನೀರು ಎಲ್ಲಿಯವರೆಗೆ ಏರುತ್ತದೋ ಅಲ್ಲಿಯವರೆಗೆ ದೋಣಿ ಬರಬೇಕು. ಶರಾವತಿಯಲ್ಲಿ ಆ ಜಾಗ ಗೇರುಸೊಪ್ಪ, ಕಡಲಿನಿಂದ ಸುಮಾರು 30 ಕಿಲೋಮೀಟರ್ ಒಳಗೆ. ರಾಜಧಾನಿ ಅಲ್ಲಿ ಬೆಳೆದದ್ದರಲ್ಲಿ ಆಶ್ಚರ್ಯವಿಲ್ಲ.

ಅಲ್ಲಿ 16ನೇ ಶತಮಾನದ ಉತ್ತರಾರ್ಧದಲ್ಲಿ ಸುಮಾರು ಅರ್ಧ ಶತಮಾನ ಆಳಿದವಳು ಚೆನ್ನಭೈರಾದೇವಿ. ಪೋರ್ಚುಗೀಸರು ಅವಳಿಗೆ ಇಟ್ಟ ಹೆಸರು ‘ಮೆಣಸಿನ ರಾಣಿ’. ಇದರಲ್ಲಿ ಗೌರವವೂ ಇದೆ, ಹೊಟ್ಟೆಯುರಿಯೂ ಇದೆ. ಕಡಲು ಅವರ ಕೈಯಲ್ಲಿತ್ತು; 1505ರಲ್ಲೇ ಅವರ ವೈಸರಾಯ್ ಆಲ್ಮೇಡಾ ಹೊನ್ನಾವರಕ್ಕೆ ಬೆಂಕಿ ಇಡಿಸಿದ್ದ. ಆದರೆ ಮೆಣಸು ಬೇಕಾದರೆ ಹೊಳೆಯ ಒಡತಿಯೊಡನೆ ಮಾತನಾಡಲೇಬೇಕು. 17ನೇ ಶತಮಾನದ ಆರಂಭದಲ್ಲಿ ಕೆಳದಿಯ ವೆಂಕಟಪ್ಪ ನಾಯಕ ಅವಳನ್ನು ಸೋಲಿಸಿ ಸೆರೆಹಿಡಿದ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಗೆ ಹೋಗುವಾಗ ದೋಣಿಯಲ್ಲಿ ಈ ಹೊಳೆಯ ಮೇಲೆ ಬಂದ. ಹೊಳೆಯ ಚೆಲುವನ್ನು ಮನಸಾರೆ ಹೊಗಳಿದ. ಗೇರುಸೊಪ್ಪದ ಅರಮನೆ ಆಗಲೇ ಬಿದ್ದು, ಮರಗಿಡ ಬೆಳೆದಿತ್ತೆಂದೂ ಬರೆದ. ಒಂದು ರಾಜಧಾನಿ ಕಾಡಾಗಲು ಎಷ್ಟು ಕಡಿಮೆ ಕಾಲ ಸಾಕು ನೋಡಿ.

ಆ ಕಾಡಿನೊಳಗೆ ಈಗಲೂ ನಿಂತಿರುವುದು ನಗರಬಸ್ತಿಕೇರಿಯ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಯಾವ ಬಾಗಿಲಲ್ಲಿ ಹೋದರೂ ಎದುರಿಗೆ ಜಿನಬಿಂಬ. ಕಲ್ಲಿನ ಕೆಲಸ ಕಾರ್ಕಳದ ಬಸದಿಯನ್ನು ನೆನಪಿಸುತ್ತದೆ, ಆದರೆ ಇಲ್ಲಿ ಮಾತನಾಡಿಸಲು ಜನವಿಲ್ಲ, ಹಕ್ಕಿಗಳದೇ ಸದ್ದು. ಲೋಧಿ ಗಾರ್ಡನ್ನಿನಲ್ಲಿ ಗುಮ್ಮಟಗಳ ಸುತ್ತ ಹುಲ್ಲುಹಾಸು ಬೆಳೆಸಿ ಇತಿಹಾಸವನ್ನು ಉದ್ಯಾನ ಮಾಡಿದ್ದಾರಲ್ಲ, ಇಲ್ಲಿ ಕಾಡೇ ಆ ಕೆಲಸ ಮಾಡಿದೆ. ನನ್ನನ್ನು ಕೇಳಿದರೆ ಇಡೀ ಉತ್ತರ ಕನ್ನಡದಲ್ಲಿ ಒಂದೇ ಸ್ಮಾರಕ ನೋಡಲು ಸಮಯವಿದ್ದರೆ ಇದನ್ನೇ ನೋಡಿ ಎನ್ನುತ್ತೇನೆ.

ಎರಡನೆಯದಕ್ಕೂ ಸಮಯವಿದ್ದರೆ ಅಘನಾಶಿನಿಯ ಕಡೆ ಬನ್ನಿ. ಕುಮಟಾದಿಂದ ಹತ್ತು ಹನ್ನೊಂದು ಕಿಲೋಮೀಟರ್ ದೂರ, ಹೆದ್ದಾರಿಯಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ ಮಿರ್ಜಾನ ಕೋಟೆ ಇದೆ. ಇದನ್ನು ಕಟ್ಟಿಸಿದ್ದು ಚೆನ್ನಭೈರಾದೇವಿ ಎನ್ನುವವರಿದ್ದಾರೆ, ಬಿಜಾಪುರದ ಸರದಾರ ಎನ್ನುವವರೂ ಇದ್ದಾರೆ. ಕೆಂಪುಕೋಟೆಯ ಊರಿನವರಾದ ನಮಗೆ ಕೆಂಪು ಗೋಡೆ ಹೊಸತಲ್ಲ. ಆದರೆ ದೆಹಲಿಯದು ಮರಳುಗಲ್ಲು, ಇಲ್ಲಿಯದು ಚಿರೆಕಲ್ಲು. ನೆಲದಿಂದ ತೆಗೆದಾಗ ಕೊಡಲಿಯಲ್ಲಿ ಕೆತ್ತುವಷ್ಟು ಮೆತ್ತಗಿರುತ್ತದೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಮೈತುಂಬ ತೂತು ಇರುವುದರಿಂದ ನೀರು ಹೀರಿಕೊಳ್ಳುತ್ತದೆ. ಹಾಗಾಗಿ ಮಳೆಗಾಲ ಮುಗಿಯುವ ಹೊತ್ತಿಗೆ ಕೋಟೆಯ ಗೋಡೆಗಳೆಲ್ಲ ಪಾಚಿ, ಹುಲ್ಲು ಬೆಳೆದು ಹಸಿರಾಗಿರುತ್ತವೆ. ಬೇಸಿಗೆಯಲ್ಲಿ ಹೋದವರು ಕೆಂಪು ಕೋಟೆ ಎನ್ನುತ್ತಾರೆ, ಅಕ್ಟೋಬರಿನಲ್ಲಿ ಹೋದವರು ಹಸಿರು ಕೋಟೆ ಎನ್ನುತ್ತಾರೆ, ಇಬ್ಬರೂ ಸುಳ್ಳು ಹೇಳುತ್ತಿಲ್ಲ! ಸುತ್ತ ಕಂದಕ, ಒಳಗೆ ಮೆಟ್ಟಿಲು ಕಟ್ಟಿದ ಆಳದ ಬಾವಿಗಳು. ಪುರಾತತ್ವ ಇಲಾಖೆಯವರು 2000-01ರ ಸುಮಾರಿಗೆ ಅಗೆದಾಗ ಚೀನಾದ ಪಿಂಗಾಣಿ ಚೂರುಗಳೂ 1652ರ ಪೋರ್ಚುಗೀಸ್ ಚಿನ್ನದ ನಾಣ್ಯವೂ ಸಿಕ್ಕವು. ಹೊಳೆಯ ದಂಡೆಯ ಹಳ್ಳಿಗೆ ಎಲ್ಲೆಲ್ಲಿಯ ನೆಂಟಸ್ತಿಕೆ!

ಕೋಟೆಯ ಆಚೆ ಹರಿಯುವ ಅಘನಾಶಿನಿಯ ಮಾತು ಸ್ವಲ್ಪ ಹೇಳಬೇಕು. ಶಿರಸಿಯಲ್ಲಿ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕಿ ತದಡಿಯ ಹತ್ತಿರ ಕಡಲು ಸೇರುವ ಈ ಹೊಳೆಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಸಿಹಿನೀರು ಕಡಲಿಗೆ ನುಗ್ಗುತ್ತದೆ, ಬೇಸಿಗೆಯಲ್ಲಿ ಉಪ್ಪುನೀರು ಹೊಳೆಗೆ ಏರುತ್ತದೆ. ಈ ಸರದಿಯ ಮೇಲೆಯೇ ಇಲ್ಲಿಯ ಜನರ ಬದುಕು ನಿಂತಿದೆ. ಮಳೆಗಾಲದಲ್ಲಿ ಗಜನಿ ಗದ್ದೆಗಳಲ್ಲಿ ಉಪ್ಪಿಗೆ ಜಗ್ಗದ ಕಗ್ಗ ಭತ್ತ, ಕೊಯಿಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಸಾಣಿಕಟ್ಟಾದಲ್ಲಿ ಬೇಸಿಗೆಯಲ್ಲಿ ಉಪ್ಪು. ಇಳಿತದ ಹೊತ್ತಿಗೆ ಹೆಂಗಸರು ನೀರಿಗಿಳಿದು ಬೆಳಚು ಹೆಕ್ಕುತ್ತಾರೆ. ಪಕ್ಕದ ಶರಾವತಿಯಲ್ಲಿ ಈ ಸರದಿ ತಪ್ಪಿದೆ. 1964ರ ಲಿಂಗನಮಕ್ಕಿ ಅಣೆಕಟ್ಟಿನ ನಂತರ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಬರುವುದರಿಂದ ಅಳಿವೆಯಲ್ಲಿ ಉಪ್ಪು ಇಳಿಯಿತು. ಉಪ್ಪು ಬೇಡುವ ಚಿಪ್ಪು, ಮೀನುಗಳೂ ಇಳಿದವು. ಎರಡೂ ಅಳಿವೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಹೇಳುವುದು ಇದನ್ನೇ. ನಮ್ಮ ಮನೆಯ ದೀಪ ಉರಿಯುವುದೂ ಇಂಥ ನೀರಿನಿಂದಲೇ ಎಂಬುದು ಬೇರೆ ಮಾತು.

ಅಘನಾಶಿನಿಯನ್ನು ಹೀಗೇ ಉಳಿಸಿಕೊಂಡದ್ದು ಸುಮ್ಮನೆ ಆದದ್ದಲ್ಲ. ತದಡಿಯಲ್ಲಿ 4000 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರ ತರುವ ಮಾತು 2000ರ ದಶಕದಲ್ಲಿ ಬಂದಾಗ ಊರಿನವರು ಎದ್ದು ನಿಂತರು, ಯೋಜನೆ ಬಿದ್ದುಹೋಯಿತು. 2024ರಲ್ಲಿ ಈ ಅಳಿವೆ ರಾಮ್ಸಾರ್ ತಾಣಗಳ ಪಟ್ಟಿ ಸೇರಿತು. ಆದರೆ ಹೊನ್ನಾವರದ ಎದುರಿನ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಬೇಡವೆಂದು ಮೀನು ಒಣಗಿಸುವ ಕುಟುಂಬಗಳು ವರ್ಷಗಳಿಂದ ಹೋರಾಡುತ್ತ ಬಂದಿವೆ. ಗೇರುಸೊಪ್ಪದ ಮೇಲಿನ ಕಾಡಿನಲ್ಲಿ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆಯೂ ದೊಡ್ಡ ತಕರಾರು ಇದೆ. ಶಾಂತ ತೀರ ಎಂದು ಬರೆದ ಮಾತ್ರಕ್ಕೆ ಅಲ್ಲಿ ಎಲ್ಲ ಶಾಂತ ಎಂದುಕೊಳ್ಳಬೇಡಿ. ಹೋದಾಗ ತಾರಿ ದೋಣಿಯವರನ್ನೋ ಮೀನು ಮಾರುವ ಅಕ್ಕನನ್ನೋ ಮಾತನಾಡಿಸಿ, ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಅವರು ಹೇಳುತ್ತಾರೆ.

ಇನ್ನು ಹೋಗುವ ದಾರಿ. ದೆಹಲಿಯ ರೈಲಿನಲ್ಲಿ ಕಾರವಾರಕ್ಕೆ ಇಳಿದರೆ ಕುಮಟಾ ಸುಮಾರು 70 ಕಿಲೋಮೀಟರ್, ಬಸ್ಸು ಧಾರಾಳ. ಅಕ್ಟೋಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಶಾಲೆಗೆ ರಜೆ ಎಂದು ಮೇ ತಿಂಗಳಲ್ಲಿ ಹೋಗುವುದಾದರೆ ಬೆವರಿಗೆ ಸಿದ್ಧರಾಗಿರಿ. ಅದು ದೆಹಲಿಯ ಒಣ ಬಿಸಿಲಲ್ಲ. ಮಳೆಗಾಲದಲ್ಲಿ ಕೊಂಕಣ ರೈಲಿಗೆ ಬೇರೆ ವೇಳಾಪಟ್ಟಿ ಇರುತ್ತದೆ, ಟಿಕೆಟ್ ಮಾಡಿಸುವಾಗಲೇ ನೋಡಿಕೊಳ್ಳಿ. ಮಿರ್ಜಾನಕ್ಕೆ ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನ ಅಘನಾಶಿನಿ ಊರಿನಿಂದ ತಾರಿಯಲ್ಲಿ ತದಡಿಗೆ ದಾಟಿದರೆ ಗೋಕರ್ಣ ಹತ್ತಿರವೇ. ಮರುದಿನ ಹೊನ್ನಾವರ, ಅಲ್ಲಿಂದ ಹೊಳೆಯ ಗುಂಟ ಗೇರುಸೊಪ್ಪ. ಬಸದಿಯ ಸುತ್ತ ಅಂಗಡಿ, ಹೋಟೆಲು ಇರುವುದಿಲ್ಲ. ಬುತ್ತಿ, ನೀರು ಜೊತೆಗಿರಲಿ, ಪ್ಲಾಸ್ಟಿಕ್ ಚೀಲ ವಾಪಸು ತನ್ನಿ. ವಾಪಸು ಬರುವಾಗ ಸಂಜೆಯ ಹೊತ್ತಿಗೆ ಕಾಸರಕೋಡಿನ ದಂಡೆಗೆ ಹೋಗಿ ಕುಳಿತುಕೊಳ್ಳಿ. ಆಗ ಬೇಕಾದಷ್ಟು ಹೊತ್ತು ಕಡಲು ನೋಡಬಹುದು.