ಒಡೆಯನ ಹಕ್ಕಿಗೆ ಒಕ್ಕಲಿನ ಕಾಳು

ಲಂಡನ್ನಿನ ಪೂರ್ವಕ್ಕೆ, ಥೇಮ್ಸ್ ನದಿಯ ಉತ್ತರ ದಂಡೆಯ ಪರ್‌ಫ್ಲೀಟ್‌ನಲ್ಲಿ ‘ಹೈ ಹೌಸ್’ ಎಂಬ ಹಳೆಯ ಕೃಷಿ ನಿವೇಶನವಿದೆ. ಅಲ್ಲಿ ಕೆಂಪು ಇಟ್ಟಿಗೆಯ ಎಂಟು ಮೂಲೆಯ ಕಟ್ಟಡವೊಂದು ನಿಂತಿದೆ. 17ನೇ ಶತಮಾನದ ಈ ಕಟ್ಟಡ ಪಾರಿವಾಳಗಳಿಗೆಂದೇ ಕಟ್ಟಿದ ಮನೆ. ಒಳಗೋಡೆಯ ತುಂಬ 500ಕ್ಕೂ ಹೆಚ್ಚು ಗೂಡುಗಳು. 2010ರಲ್ಲಿ ಇದೇ ಆವರಣದಲ್ಲಿ ರಾಯಲ್ ಆಪೆರಾ ಹೌಸ್‌ನ ರಂಗಸಜ್ಜಿಕೆ ಕಾರ್ಯಾಗಾರ ಆರಂಭವಾಯಿತು. ಹಳೆಯ ಕಟ್ಟಡಗಳಿಗೂ ಮರುಜೀವ ಬಂತು.

ಹಕ್ಕಿಗಳ ಮೇಲಿನ ಅಕ್ಕರೆಯಿಂದ ಇಂಥ ಮನೆಗಳನ್ನು ಕಟ್ಟಿದರೆಂದು ಭಾವಿಸಬೇಕಿಲ್ಲ. ಇವು ಶ್ರೀಮಂತರ ಅಡುಗೆಮನೆಯ ಉಗ್ರಾಣಗಳು. ನಾಲ್ಕು ವಾರ ತುಂಬಿದ, ಇನ್ನೂ ಹಾರಲು ಕಲಿಯದ ಮರಿಯ ಮಾಂಸ ಮೃದು ಎಂಬ ಕಾರಣಕ್ಕೆ ಅದಕ್ಕೆ ಬೇಡಿಕೆ. ಮರಿ ತೆಗೆಯುವ ಉಪಾಯವೂ ಸೊಗಸಾಗಿತ್ತು. ಅನೇಕ ಪಾರಿವಾಳದ ಮನೆಗಳ ನಡುವೆ ತಿರುಗುವ ಮರದ ಕಂಬವೊಂದು ಇರುತ್ತಿತ್ತು. ಅದರ ತೋಳುಗಳಿಗೆ ಏಣಿ. ಏಣಿಯ ಮೇಲೆ ನಿಂತವನು ಕೆಳಗಿಳಿಯದೆ, ಗೋಡೆಯನ್ನು ಕೈಯಿಂದ ತಳ್ಳುತ್ತಾ ಸುತ್ತಲಿನ ಎಲ್ಲ ಗೂಡುಗಳನ್ನೂ ತಲುಪಬಹುದಿತ್ತು.

ಹಾಗಾದರೆ ಈ ಹಕ್ಕಿಗಳ ಹೊಟ್ಟೆ ತುಂಬಿಸಿದವರು ಯಾರು? ಒಡೆಯನಂತೂ ವರ್ಷದ ಬಹುಕಾಲ ಕಾಳು ಹಾಕುತ್ತಿರಲಿಲ್ಲ. ಅವು ನೆರೆಹೊರೆಯ ಹೊಲಗಳಿಗೆ ಹಾರಿ, ಬಿತ್ತಿದ ಬೀಜವನ್ನೂ ಮಾಗಿದ ತೆನೆಯನ್ನೂ ಮೇಯುತ್ತಿದ್ದವು. ನಾರ್ಮನ್ನರ ಕಾಲದಿಂದ ಬಹುಕಾಲ ಪಾರಿವಾಳದ ಮನೆ ಕಟ್ಟಿಸುವ ಹಕ್ಕು ಭೂಒಡೆಯರಿಗೆ ಮೀಸಲಾಗಿತ್ತು. ಬೆಳೆ ಕಳೆದುಕೊಂಡ ರೈತ ಕೋವಿ ಎತ್ತುವಂತೆಯೂ ಇರಲಿಲ್ಲ. ಒಂದನೇ ಜೇಮ್ಸ್ ಕಾಲದ ಕಾಯ್ದೆಯ ಪ್ರಕಾರ ಪಾರಿವಾಳವನ್ನು ಹೊಡೆದವನಿಗೆ ಮೂರು ತಿಂಗಳ ಸೆರೆವಾಸ, ತಪ್ಪಿದರೆ ಹಕ್ಕಿಯೊಂದಕ್ಕೆ 20 ಷಿಲಿಂಗ್ ದಂಡ. ಕೂಲಿಯವನೊಬ್ಬ ಸುಮಾರು ಒಂದು ತಿಂಗಳು ದುಡಿದರೆ ಸಿಗುತ್ತಿದ್ದ ಹಣವದು.

ಒಡೆಯನಿಗೂ ಒಬ್ಬ ಒಡೆಯನಿದ್ದ ಎಂಬುದು ಇಲ್ಲಿನ ಸ್ವಾರಸ್ಯ. ಹಿಕ್ಕೆ ಬೆರೆತ ನೆಲದ ಮಣ್ಣಿನಿಂದ ಪೆಟ್ಲುಪ್ಪು ತೆಗೆದು ಕೋವಿಮದ್ದು ತಯಾರಿಸಬಹುದಿತ್ತು. 1620ರ ದಶಕದಲ್ಲಿ ಒಂದನೇ ಚಾರ್ಲ್ಸ್, ಪಾರಿವಾಳದ ಮನೆಗಳ ನೆಲಕ್ಕೆ ಕಲ್ಲು, ಇಟ್ಟಿಗೆ ಹಾಸಕೂಡದೆಂದು ಆಜ್ಞಾಪಿಸಿದ. ದೊರೆಯ ಆಳುಗಳು ಬಂದು ನೆಲ ಅಗೆದಾಗ ಸಿರಿವಂತರೂ ಗೊಣಗಿದರು.

ಫ್ರಾನ್ಸಿನಲ್ಲಿ 1789ರ ಆಗಸ್ಟ್‌ನಲ್ಲಿ, ಕ್ರಾಂತಿಯ ಆರಂಭದ ಶಾಸನಗಳಲ್ಲೇ ಪಾರಿವಾಳ ಸಾಕುವ ವಿಶೇಷ ಹಕ್ಕು ರದ್ದಾಯಿತು. ಇಂಗ್ಲೆಂಡಿನಲ್ಲಿ ಅಂಥ ಗದ್ದಲವೇನೂ ನಡೆಯಲಿಲ್ಲ. 18ನೇ ಶತಮಾನದ ಕೊನೆಗೆ ಧಾನ್ಯದ ಬೆಲೆ ಏರಿದಾಗ, ಹಕ್ಕಿ ತಿನ್ನುವ ಕಾಳಿನ ಲೆಕ್ಕ ಒಡೆಯನಿಗೇ ದುಬಾರಿ ಎನಿಸಿತು.