ಹಾರುವುದು ಕಾಲು ಪಾಲು, ಪಾನಾ ಹಿಡಿಯುವುದು ಮುಕ್ಕಾಲು

ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ಸೋಗಾನೆಯಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಕುವೆಂಪು ವಿಮಾನ ನಿಲ್ದಾಣದ ರನ್‌ವೇ ಉದ್ದ 3,200 ಮೀಟರ್. ಅದರಲ್ಲಿ ನೂರು, ನೂರೈವತ್ತು ಮೀಟರ್ ಸಿಕ್ಕರೆ ಸಾಕು ಎನ್ನುವ ವಿಮಾನವೂ ಒಂದಿದೆ. ಅದರ ಹೆಸರು ಟ್ರೈಕ್. ಮೂರು ಗಾಲಿಯ ಚೌಕಟ್ಟು, ಹಿಂದೆ ಮುಂದೆ ಎರಡು ಸೀಟು, ಬೆನ್ನಿಗೆ ಎಂಜಿನ್ ಮತ್ತು ಪ್ರೊಪೆಲ್ಲರ್, ತಲೆಯ ಮೇಲೆ ಬಟ್ಟೆಯ ತ್ರಿಕೋನ ರೆಕ್ಕೆ. ಬಾಲವಿಲ್ಲ, ಬಾಗಿಲಿಲ್ಲ. ಗಂಟೆಗೆ 70ರಿಂದ 100 ಕಿ.ಮೀ. ವೇಗದಲ್ಲಿ, ಮುಖಕ್ಕೆ ಗಾಳಿ ಬಡಿಸಿಕೊಳ್ಳುತ್ತಾ ಹೋಗುವ ಸವಾರಿ ಇದು.

ಈ ರೆಕ್ಕೆಯ ಮೂಲಪುರುಷ ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ರೊಗಾಲೊ. 1948ರಲ್ಲಿ ಅವರು ಪತ್ನಿ ಗರ್ಟ್ರೂಡ್ ಜೊತೆಗೂಡಿ ಮಡಚಬಹುದಾದ ರೆಕ್ಕೆಯೊಂದನ್ನು ರೂಪಿಸಿದರು. ಜೆಮಿನಿ ಗಗನನೌಕೆಯನ್ನು ನೆಲಕ್ಕಿಳಿಸಲು ನಾಸಾ ಇದನ್ನು ಪರೀಕ್ಷಿಸಿ, ಕೊನೆಗೆ ಪ್ಯಾರಾಚೂಟನ್ನೇ ನೆಚ್ಚಿಕೊಂಡಿತು. ನಾಸಾ ಬಿಟ್ಟದ್ದನ್ನು ಹವ್ಯಾಸಿಗಳು ಎತ್ತಿಕೊಂಡರು. ಮೊದಲು ಹ್ಯಾಂಗ್ ಗ್ಲೈಡರ್ ಆಯಿತು, ಆಮೇಲೆ ಅದಕ್ಕೆ ಎಂಜಿನ್ ಮತ್ತು ಗಾಲಿ ಬಂದವು. 1998ರಲ್ಲಿ ಬ್ರಿಟನ್ನಿನ ಬ್ರಯಾನ್ ಮಿಲ್ಟನ್ ಇಂಥ ಯಂತ್ರದಲ್ಲೇ 120 ದಿನಗಳಲ್ಲಿ ಭೂಮಿಯನ್ನು ಸುತ್ತಿಬಂದರು. ಅಳಿವಿನಂಚಿನ ವೂಪಿಂಗ್ ಕೊಕ್ಕರೆಯ ಮರಿಗಳಿಗೆ ವಲಸೆಯ ದಾರಿ ಕಲಿಸಲು 2001ರಿಂದ ಅಮೆರಿಕದಲ್ಲಿ ವಿಸ್ಕಾನ್ಸಿನ್‌ನಿಂದ ಫ್ಲೋರಿಡಾವರೆಗೆ ಮುಂದೆ ಹಾರಿದ್ದೂ ಟ್ರೈಕ್‌ಗಳೇ. ಹಕ್ಕಿಯ ಜೊತೆ ಹೆಜ್ಜೆ ಹಾಕುವಷ್ಟು ನಿಧಾನವಾಗಿ ಹಾರಬಲ್ಲದ್ದು ಇದು.

ಕರ್ನಾಟಕದಲ್ಲಿ ಈ ಹವ್ಯಾಸದ ಹೆಸರೆತ್ತಿದರೆ ಬೆರಳು ಹೋಗುವುದು ಬೆಂಗಳೂರಿನ ಜಕ್ಕೂರಿನ ಕಡೆಗೆ. ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರುವ ಆ ಅಂಗಳದಲ್ಲಿ ಮೈಕ್ರೋಲೈಟ್, ಅಂದರೆ ಟ್ರೈಕ್‌ನಂಥ ಹಗುರ ವಿಮಾನಗಳ ಹಾರಾಟ ಕಲಿಸುವ ಖಾಸಗಿ ಸಂಸ್ಥೆಗಳೂ ಬೆಳೆದವು. ಫ್ರಾನ್ಸ್ ಮೂಲದ ಜೋಯೆಲ್ ಕೆಕ್ಲಾನ್ ಕಟ್ಟಿದ ಬೆಂಗಳೂರಿನ ರಾಜ್ ಹಂಸ ಕಂಪನಿ ಹ್ಯಾಂಗ್ ಗ್ಲೈಡರ್, ಟ್ರೈಕ್‌ಗಳನ್ನು ತಯಾರಿಸಿತು. ಅದರ ಎಕ್ಸ್-ಏರ್ ಎಂಬ ಪುಟ್ಟ ವಿಮಾನ ಯುರೋಪಿನ ಹವ್ಯಾಸಿಗಳ ಕೈಗೂ ಹೋಯಿತು.

ಮೈಯೇ ಚುಕ್ಕಾಣಿ

ಟ್ರೈಕ್ ಓಡಿಸುವವನ ಕೈಯಲ್ಲಿರುವುದು ರೆಕ್ಕೆಗೆ ಜೋಡಿಸಿದ ಒಂದು ಅಡ್ಡಕೊಳವೆ ಮಾತ್ರ. ಎದೆಯ ಕಡೆಗೆ ಎಳೆದುಕೊಂಡರೆ ಮೂತಿ ತಗ್ಗಿ ವೇಗ ಏರುತ್ತದೆ, ಮುಂದಕ್ಕೆ ತಳ್ಳಿದರೆ ವೇಗ ಇಳಿಯುತ್ತದೆ. ಎಡಕ್ಕೆ ಸರಿಸಿದರೆ ಬಲಕ್ಕೆ ತಿರುಗುತ್ತದೆ. ನೇತಾಡುವ ಗಾಡಿಯ ಭಾರ ಯಾವ ಕಡೆ ಸರಿಯಿತೋ ರೆಕ್ಕೆ ಆ ಕಡೆ ವಾಲುತ್ತದೆ, ಅಷ್ಟೇ ಇದರ ಗುಟ್ಟು. ನೆಲದ ಮೇಲೂ ಇದರ ಲೆಕ್ಕ ಬೇರೆ: ಮುಂದಿನ ಗಾಲಿ ತಿರುಗುವುದು ಕಾಲಿನಿಂದ, ಬಲಗಾಲು ಒತ್ತಿದರೆ ಎಡಕ್ಕೆ. ಬೇರೆ ವಿಮಾನ ಓಡಿಸಿ ಬಂದವರೇ ಮೊದಮೊದಲು ತಡವರಿಸುತ್ತಾರೆ.

ಎಂಜಿನ್ ನಿಂತರೆ? ಟ್ರೈಕ್ ದೊಪ್ಪನೆ ಬೀಳುವುದಿಲ್ಲ, ತೇಲಿಕೊಂಡು ಇಳಿಯುತ್ತದೆ. ಮುನ್ನೂರು ಮೀಟರ್ ಎತ್ತರದಲ್ಲಿದ್ದರೆ ಸುಮಾರು ಎರಡು ಕಿ.ಮೀ. ದೂರದವರೆಗೆ ಜಾಗ ಹುಡುಕಬಹುದು. ಆ ಜಾಗ ಎಲ್ಲಿದೆ ಎಂಬುದನ್ನು ಮಾತ್ರ ಹಾರುವಾಗಲೆಲ್ಲ ಕಣ್ಣಲ್ಲೇ ಇಟ್ಟುಕೊಂಡಿರಬೇಕು. ನಮ್ಮ ಶಿವಮೊಗ್ಗ ಜಿಲ್ಲೆಯ ನೆಲ ನೋಡಿದರೆ ಇದರ ಕಷ್ಟ ತಿಳಿಯುತ್ತದೆ. ಭದ್ರಾ ನಾಲೆಯ ಗದ್ದೆ ಕೊಯ್ಲಾದ ಮೇಲೆ ಇಳಿಯಲು ಒಳ್ಳೆಯದು. ನೀರು ನಿಂತ ಗದ್ದೆಯಾದರೆ ಮುಂಗಾಲಿ ಹೂತು ಮಗುಚುತ್ತದೆ. ಅಡಿಕೆ ತೋಟದಲ್ಲಂತೂ ಇಳಿಯುವ ಮಾತೇ ಇಲ್ಲ. ತೀರ್ಥಹಳ್ಳಿ ಕಡೆಯ ಕಾಡು ಚೆಂದ ಕಾಣುತ್ತದೆ ನಿಜ, ಹೊನ್ನಾಳಿ ಕಡೆಯ ಬಯಲೇ ಕ್ಷೇಮ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಉಳಿದ ದಿನಗಳಲ್ಲೂ ಬಿಸಿಲೇರಿ ಗಾಳಿ ಕುದಿಯುವ ಮೊದಲು ಮತ್ತು ಸಂಜೆ ಅದು ತಣ್ಣಗಾದ ಮೇಲಿನ ಹೊತ್ತಷ್ಟೇ ಲೆಕ್ಕಕ್ಕೆ.

ಎಣ್ಣೆ, ಪ್ಲಗ್, ಬೋಲ್ಟ್

ಹಾರಾಟ ಗಂಟೆಯೊಳಗೆ ಮುಗಿದೀತು, ಆರೈಕೆ ಮುಗಿಯುವಂಥದ್ದಲ್ಲ. ಹಳೆಯ ಟ್ರೈಕ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಆಸ್ಟ್ರಿಯಾದ ರೋಟಾಕ್ಸ್ 503. ಇದು ಸುಮಾರು 50 ಅಶ್ವಶಕ್ತಿಯ ಟೂ-ಸ್ಟ್ರೋಕ್ ಎಂಜಿನ್. ಮೈಸೂರಿನ ಯೆಜ್ಡಿ ಓಡಿಸಿದವರಿಗೆ ಇದರ ಸ್ವಭಾವ ಹೊಸದೇನಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸಲೇಬೇಕು, ಹತ್ತು ಲೀಟರಿಗೆ 200 ಮಿಲಿ. ಎಣ್ಣೆ ಮರೆತರೆ ಪಿಸ್ಟನ್ ಜಾಮ್. 300 ಗಂಟೆ ಓಡಿದ ಮೇಲೆ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಬೇಕು.

ಎಂಜಿನ್ನಿನ ಆರೋಗ್ಯ ಸ್ಪಾರ್ಕ್ ಪ್ಲಗ್ ಹೇಳುತ್ತದೆ. ಬಿಚ್ಚಿದ ಪ್ಲಗ್ಗಿನ ತುದಿ ಕಾಫಿಪುಡಿ ಬಣ್ಣಕ್ಕಿದ್ದರೆ ಕ್ಷೇಮ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಪಿಸ್ಟನ್ ಕರಗುವ ಮುನ್ಸೂಚನೆ ಅದು. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುವುದು ಹೊಸ ತಲೆನೋವು. ಎಥನಾಲ್ ನೀರು ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಕೆಡಿಸುತ್ತದೆ. ಟ್ಯಾಂಕಿನಲ್ಲಿ ವಾರಗಟ್ಟಲೆ ಬಿಟ್ಟ ಪೆಟ್ರೋಲನ್ನು ನಂಬಿ ಹಾರುವಂತಿಲ್ಲ.

ರೆಕ್ಕೆಯ ಬಟ್ಟೆ ಪಾಲಿಯೆಸ್ಟರ್. ಅದರ ವೈರಿ ಬಿಸಿಲು. ನೋಡಲು ಹೊಸದರಂತಿದ್ದರೂ ಒಳಗೊಳಗೇ ಜೀವ ಕಳೆದುಕೊಂಡಿರುತ್ತದೆ. ಆದ್ದರಿಂದ ಬಟ್ಟೆಗೂ ಹೊಲಿಗೆಗೂ ಸೂಜಿ ಚುಚ್ಚಿ, ಸ್ಪ್ರಿಂಗ್ ತಕ್ಕಡಿಯಿಂದ ನಿಗದಿತ ಭಾರದಷ್ಟು ಎಳೆದು ನೋಡುತ್ತಾರೆ. ಹರಿದರೆ ಆ ರೆಕ್ಕೆಯ ಆಯುಷ್ಯ ಮುಗಿಯಿತು. ಪ್ರತಿ ಹಾರಾಟಕ್ಕೂ ಮುಂಚೆ ಮೂತಿಯಿಂದ ಶುರುಮಾಡಿ ಒಂದು ಸುತ್ತು ಬರಬೇಕು: ತಂತಿಗಳ ಎಳೆ ಬಿಚ್ಚಿದೆಯೇ, ಕೊಳವೆಯಲ್ಲಿ ನೆಗ್ಗು ಇದೆಯೇ, ಪ್ರೊಪೆಲ್ಲರಿನ ಅಂಚಿಗೆ ಕಲ್ಲು ತಾಗಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಕೊನೆಗೆ ಗಾಡಿಯನ್ನು ರೆಕ್ಕೆಗೆ ತೂಗುಹಾಕಿರುವ ಆ ಒಂದೇ ಬೋಲ್ಟು. ಇಬ್ಬರ ಜೀವ ಅದರ ಮೇಲಿದೆ; ಅದು ಕೈಕೊಟ್ಟರೆ ಆಧಾರಕ್ಕೆಂದು ಪಕ್ಕದಲ್ಲೊಂದು ಉಕ್ಕಿನ ಹಗ್ಗ.

ಭದ್ರಾವತಿಯ ಮಾತು ಬರಬೇಕಾದದ್ದು ಇಲ್ಲೇ. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಕಾರ್ಖಾನೆಯ ಊರದು. ಫಿಟ್ಟರ್, ಟರ್ನರ್, ವೆಲ್ಡರ್‌ಗಳ ಮನೆತನಗಳೇ ಅಲ್ಲಿವೆ. ಎಂಥ ಬೋಲ್ಟು ಬೇಕಾದರೂ ಲೇತ್‌ನಲ್ಲಿ ಕಡೆದುಕೊಡುವ ಕೈಗಳವು. ಟ್ರೈಕ್‌ಗೆ ಆ ಕೈಚಳಕಕ್ಕಿಂತ ಹೆಚ್ಚಾಗಿ ಬೇಕಾದದ್ದು ಕಾರ್ಖಾನೆಯ ಶಿಸ್ತು. ತಯಾರಕರು ಹೇಳಿದ ಬೋಲ್ಟೇ ಆಗಬೇಕು, ಹೇಳಿದಷ್ಟೇ ಬಿಗಿ ಮಾಡಬೇಕು, ಬಿಗಿದ ದಿನವನ್ನು ಲಾಗ್ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ‘ಸದ್ಯಕ್ಕೆ ಇದು ನಡೀತದೆ ಬಿಡ್ರಿ’ ಎನ್ನುವವರಿಗೆ ಈ ಹವ್ಯಾಸ ಒಗ್ಗುವುದಿಲ್ಲ.

ಕಾನೂನಿಗೂ ಅದೇ ಶಿಸ್ತು ಬೇಕು. ಟ್ರೈಕ್ ಕೊಂಡವರು ಊರಹೊರಗಿನ ಮೈದಾನದಿಂದ ಮನಬಂದಂತೆ ಹಾರುವಂತಿಲ್ಲ. ವಿಮಾನಯಾನ ಮಹಾನಿರ್ದೇಶನಾಲಯದಲ್ಲಿ ನೋಂದಣಿ, ಹಾರಾಟದ ಪರವಾನಗಿ, ವೈದ್ಯಕೀಯ ಪರೀಕ್ಷೆ ಎಲ್ಲವೂ ಬೇಕು. ಕಲಿಯಲು 16 ವರ್ಷ, ಖಾಸಗಿ ಪೈಲಟ್ ಲೈಸೆನ್ಸ್‌ಗೆ 17 ವರ್ಷ ತುಂಬಿರಬೇಕು. ಪ್ರಯಾಣಿಕ ವಿಮಾನಗಳು ಬಂದುಹೋಗುವ ಸೋಗಾನೆಯ ಸುತ್ತಲಿನ ಆಕಾಶಕ್ಕೆ ಅನುಮತಿಯಿಲ್ಲದೆ ಕಾಲಿಡುವ ಹಾಗೇ ಇಲ್ಲ.

ಆಸೆಯಿದ್ದವರು ಮೊದಲು ತರಬೇತಿ ಸಂಸ್ಥೆಯೊಂದರಲ್ಲಿ ಬೋಧಕರ ಹಿಂದಿನ ಸೀಟಿನಲ್ಲಿ ಒಮ್ಮೆ ಹಾರಿ ಬರಲಿ. ಆಮೇಲೆ ಹ್ಯಾಂಗರಿನಲ್ಲಿ ಎಂಜಿನ್ ಬಿಚ್ಚುವ ಮೆಕ್ಯಾನಿಕ್ ಪಕ್ಕ ಒಂದಿಡೀ ದಿನ ಕೂರಲಿ. ಎರಡನೆಯದರಲ್ಲೂ ಹೊತ್ತು ಹೋದದ್ದು ತಿಳಿಯದಿದ್ದರೆ ಹಣ ಹೊಂದಿಸುವ ಯೋಚನೆ ಮಾಡಬಹುದು. ಬೇಸರ ಬಂದರೆ, ಸೋಗಾನೆಯಿಂದ ಟಿಕೆಟ್ ಕೊಂಡು ಕಿಟಕಿ ಪಕ್ಕ ಕೂರುವುದೇ ಮೇಲು.